ಊರಲ್ಲೇ ಉಳಿದವನ ಕಥೆ ಬರೆಯಿರಿ: ಕನ್ನಡದ ಕಥೆಗಾರರಿಗೆ ಒಂದು ಬಹಿರಂಗ ಪತ್ರ

ಕನ್ನಡದಲ್ಲಿ ಕಥೆ, ಕಾದಂಬರಿ ಬರೆಯುವ ಎಲ್ಲರಿಗೂ ನಮಸ್ಕಾರ.

ನಾನು ಬಾಗಲಕೋಟೆ ಜಿಲ್ಲೆಯ ಒಂದು ಗ್ರಾಮ ಪಂಚಾಯ್ತಿಯ ಅರಿವು ಕೇಂದ್ರದಲ್ಲಿ ಗ್ರಂಥಾಲಯ ಮೇಲ್ವಿಚಾರಕಿ. ನನಗೊಬ್ಬ ತಮ್ಮನಿದ್ದಾನೆ. ಅವನು ಗೇ, ಅಂದರೆ ಸಲಿಂಗಪ್ರೇಮಿ. ಮಗ್ಗ ನಡೆಸುತ್ತಾನೆ, ದಿನಾ ಲಿಂಗಪೂಜೆ ಮಾಡುತ್ತಾನೆ, ಅಪ್ಪ-ಅವ್ವನ ಜೊತೆ ಹುಟ್ಟಿದ ಮನೆಯಲ್ಲೇ ಇದ್ದಾನೆ. ಈ ಪತ್ರವನ್ನು ಅವನನ್ನು ಕೇಳಿಯೇ ಬರೆಯುತ್ತಿದ್ದೇನೆ. "ಊರ ಹೆಸರೊಂದ ಬ್ಯಾಡಕ್ಕ, ಉಳಿದದ್ದು ಏನರ ಬರಿ" ಅಂದಿದ್ದಾನೆ.

ನಿಮ್ಮಿಂದ ನನಗೆ ಒಂದು ಕಥೆ ಬೇಕು. ಇಂಥ ಹುಡುಗ ಊರು ಬಿಡದ, ದೇವರನ್ನು ಬಿಡದ, ಮನೆಯವರ ಕೈಯನ್ನೂ ಬಿಡದ ಕಥೆ.

ಕನ್ನಡದಲ್ಲಿ ಏನೂ ಇಲ್ಲ ಅಂತ ಹೇಳುತ್ತಿಲ್ಲ. 2013ರಲ್ಲಿ ವಸುಧೇಂದ್ರ ಅವರ 'ಮೋಹನಸ್ವಾಮಿ' ಬಂತು, ಗೇ ಹುಡುಗನ ಬದುಕಿನ ಕಥೆಗಳ ಸಂಕಲನ. ಅದೇ ವರ್ಷ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟು 2009ರ ದೆಹಲಿ ಹೈಕೋರ್ಟ್ ತೀರ್ಪನ್ನು ರದ್ದು ಮಾಡಿ, ಇಂಥವರ ಪ್ರೀತಿಯನ್ನು ಮತ್ತೆ ಅಪರಾಧ ಮಾಡಿತು. ಅಂಥ ಹೊತ್ತಲ್ಲಿ ಆ ಪುಸ್ತಕ ಕನ್ನಡದ ಓದುಗರ ಕೈಯಲ್ಲಿತ್ತು. ನನ್ನ ತಮ್ಮ ನನ್ನ ಹತ್ತಿರ ಬಾಯಿ ಬಿಟ್ಟದ್ದು ಅದನ್ನು ಓದಿದ ಮೇಲೆ. ಆ ಋಣ ನನ್ನ ಮೇಲಿದೆ.

ಆದರೆ ಆಮೇಲೆ ವಾರಪತ್ರಿಕೆ, ದೀಪಾವಳಿ ವಿಶೇಷಾಂಕಗಳಲ್ಲಿ ನನ್ನ ಕೈಗೆ ಸಿಕ್ಕ ಕಥೆಗಳು ಹೆಚ್ಚಾಗಿ ಒಂದೇ ದಾರಿ ಹಿಡಿದಿವೆ. ಹುಡುಗ ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಹೋಗುತ್ತಾನೆ. ಅಲ್ಲಿ ರೂಮು ಸಿಗುತ್ತದೆ, ಗೆಳೆಯ ಸಿಗುತ್ತಾನೆ, ಉಸಿರಾಡಲು ಜಾಗ ಸಿಗುತ್ತದೆ. ಊರು ಅನ್ನೋದು ಆಗಾಗ ಬರುವ ಒಂದು ಫೋನು, ಅಷ್ಟೇ. ಅವ್ವ ಅಳೋದಕ್ಕೆ ಇರುತ್ತಾಳೆ, ದೇವರು ಹೆದರಿಸೋದಕ್ಕೆ ಇರುತ್ತಾನೆ. ಬಸ್ಸು ಹತ್ತದಿದ್ದರೆ ಹುಡುಗ ಸಾಯುತ್ತಾನೆ.

ಅದು ಸುಳ್ಳು ಅಂತಲ್ಲ. ಹಾಗೆ ಹೋದವರು ನಮ್ಮ ಕಡೆಯೂ ಇದ್ದಾರೆ, ಅವರು ಚೆನ್ನಾಗಿರಲಿ. ಆದರೆ ಹೋಗದೆ ಉಳಿದವರೂ ಇದ್ದಾರೆ. ಅವರ ಕಥೆಯನ್ನು ಯಾರು ಬರೆಯಬೇಕು?

ನಮ್ಮ ಗ್ರಂಥಾಲಯಕ್ಕೆ ಬರುವ ಹುಡುಗರು ಹೆಚ್ಚಾಗಿ ಪರೀಕ್ಷೆಗೆ ಓದುವವರು. ಪಿಎಸ್‌ಐ, ಎಫ್‌ಡಿಎ, ಪಿಡಿಒ. ಅವರಲ್ಲಿ ಒಬ್ಬ, ಸಂಜೆ ಮಂದಿ ಕಡಿಮೆಯಾದ ಮೇಲೆ ಕಥೆ ಪುಸ್ತಕದ ಕಪಾಟಿನ ಹತ್ತಿರ ಹೋಗುತ್ತಾನೆ. (ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ.) ಸಾಮಾನ್ಯ ಜ್ಞಾನದ ದಪ್ಪ ಪುಸ್ತಕ ತೆರೆದು, ಅದರೊಳಗೆ ಕಥೆ ಪುಸ್ತಕ ಇಟ್ಟು ಓದುತ್ತಾನೆ. ಮನೆಗೆ ಒಯ್ಯೋದಿಲ್ಲ. ಒಯ್ದರೆ ರಿಜಿಸ್ಟರ್‌ನಲ್ಲಿ ಪುಸ್ತಕದ ಹೆಸರಿನ ಮುಂದೆ ತನ್ನ ಹೆಸರು ಬರೆದು ಸಹಿ ಮಾಡಬೇಕು. ಆ ರಿಜಿಸ್ಟರ್ ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ಇರುತ್ತದೆ. ಓದೋಕೆ ಶುರು ಮಾಡುವ ಮುಂಚೆ ಅವನು ಕಡೇ ಪುಟ ತೆಗೆದು ನೋಡುತ್ತಾನೆ. ಹುಡುಗ ಬದುಕಿದ್ದಾನೋ ಇಲ್ಲವೋ ಅಂತ. ನಾನು ಅವನನ್ನು ಏನೂ ಕೇಳಿಲ್ಲ, ಕೇಳೋದೂ ಇಲ್ಲ. ನೀವು ಕಥೆಯ ಮುಕ್ತಾಯ ಬರೆಯಲು ಕೂತಾಗ ಮಾತ್ರ ಅವನನ್ನು ನೆನೆಯಿರಿ. ಅವನನ್ನು ಬಾವಿಗೆ ತಳ್ಳಬೇಡಿ, ರೈಲಿನ ಹಳಿ ಮೇಲೆ ಮಲಗಿಸಬೇಡಿ.

ಕಾನೂನಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟಿನ ಐದು ನ್ಯಾಯಮೂರ್ತಿಗಳ ಪೀಠ, ವಯಸ್ಕರು ಒಪ್ಪಿ ಕೂಡಿದರೆ ಅದು ಅಪರಾಧ ಅಲ್ಲ ಎಂದಿತು. 2023ರ ಅಕ್ಟೋಬರ್ 17ರಂದು ಮದುವೆಯ ಹಕ್ಕು ಕೇಳಿದಾಗ, ಅದು ಶಾಸನ ಮಾಡುವವರ ಕೆಲಸ ಅಂತ ಕೋರ್ಟು ಕೈಬಿಟ್ಟಿತು. ಆ ದಿನ ನಾನು ಬೇಜಾರಾಗಿ ತಮ್ಮನಿಗೆ ಫೋನು ಮಾಡಿದೆ. ಅವನು ಹೇಳಿದ್ದು ಬೇರೆ. "ಮದುವಿ ಇರ್ಲಿ ಬಿಡಕ್ಕ. ಪಂಚಮಿಗೆ ಅವನ್ನ ಮನಿಗೆ ಉಣ್ಣಾಕ ಕರದ್ರ ಅವ್ವ ಏನಂತಾಳ, ಅದನ್ನ ಯಾ ಕೋರ್ಟಿಗೆ ಕೇಳ್ಲಿ?" ಅವನಿಗೊಬ್ಬ ಗೆಳೆಯನಿದ್ದಾನೆ, ಗುಳೇದಗುಡ್ಡದ ಕಡೆಯವನು, ಖಣದ ವ್ಯಾಪಾರ ಮಾಡುತ್ತಾನೆ. ತಮ್ಮ ಕೇಳಿದ ಈ ಪ್ರಶ್ನೆಗೆ ಕೋರ್ಟಿನ ಹತ್ತಿರ ಉತ್ತರ ಇಲ್ಲ. ಕಥೆಗಾರರ ಹತ್ತಿರ ಇರಬಹುದು ಅಂತ ನಿಮಗೆ ಬರೆಯುತ್ತಿದ್ದೇನೆ.

ಈಗ ದೇವರ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ನನ್ನ ತಮ್ಮ ತಾನು ಗೇ ಅಂತ ಅವ್ವನಿಗೆ ಹೇಳಿದ್ದು ಒಂದು ಸೋಮವಾರ ಬೆಳಿಗ್ಗೆ. ಅವ್ವ ಪೂಜೆಗೆ ಕೂತಿದ್ದಳು. ಲಿಂಗ ಅಂಗೈಯಲ್ಲಿತ್ತು, ವಿಭೂತಿ ಇನ್ನೂ ಹಸಿಯಾಗಿತ್ತು. ಅವನೂ ಸ್ನಾನ ಮಾಡಿ ಬಂದು ಎದುರಿಗೆ ಕೂತು ಹೇಳಿದ. ಆ ಹೊತ್ತು ಯಾಕೆ ಆರಿಸಿಕೊಂಡೆ ಅಂತ ನಾನು ಆಮೇಲೆ ಕೇಳಿದೆ. "ಅಲ್ಲೆ ಕುಂತು ಸುಳ್ಳ ಹೇಳಾಕ ಆಗೂದಿಲ್ಲಕ್ಕ. ಅಕಿಗೂ ನಾ ಸುಳ್ಳ ಹೇಳಾತೇನಿ ಅನಸಬಾರದು" ಅಂದ. ನೋಡಿ, ನಿಜ ಹೇಳುವ ಧೈರ್ಯ ಅವನಿಗೆ ಸಿಕ್ಕಿದ್ದು ಪೂಜೆಯ ಜಾಗದಲ್ಲಿ. ಇದನ್ನು ಬಿಟ್ಟು ಅವನ ಕಥೆ ಬರೆದರೆ ಅದು ಅವನ ಕಥೆ ಆಗೋದಿಲ್ಲ.

ಅವ್ವ ಆ ದಿನ ಏನೂ ಅನ್ನಲಿಲ್ಲ. ಪೂಜೆ ಮುಗಿಸಿ ಎದ್ದು ರೊಟ್ಟಿ ಬಡಿದಳು. ಆಮೇಲೆ ಬಹಳ ದಿನ ಅವನ ಜೊತೆ ಸರಿಯಾಗಿ ಮಾತಾಡಲಿಲ್ಲ. ದೇವರ ಹೇಳಿಕೆ ಕೇಳಲು ಕರೆದುಕೊಂಡು ಹೋದಳು. ಅಲ್ಲಿ ಲಿಂಬೆಹಣ್ಣು ಮಂತ್ರಿಸಿ ಕೊಟ್ಟರು, ತೋಳಿಗೆ ತಾಯಿತ ಕಟ್ಟಿದರು. ಪಟ್ಟಣದ ಒಬ್ಬ ಡಾಕ್ಟರು "ಲಗ್ನ ಮಾಡ್ರಿ, ಎಲ್ಲಾ ಸರಿ ಹೊಕ್ಕೈತಿ" ಅಂದರು. ಇದು ರೋಗ ಅಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ರೋಗಗಳ ಪಟ್ಟಿಯಿಂದ ತೆಗೆದಿದೆ. 'ಇದನ್ನು ವಾಸಿ ಮಾಡುತ್ತೇವೆ' ಅಂತ ಚಿಕಿತ್ಸೆ ಕೊಡೋದು ವೈದ್ಯರ ವೃತ್ತಿಗೆ ತಕ್ಕದ್ದಲ್ಲದ ನಡತೆ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ. ಆ ಮಾತು ನಮ್ಮ ತಾಲೂಕಿನ ತನಕ ಬರಬೇಕಲ್ವಾ.

2023ರ ಜನವರಿ 2ರಂದು ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ ಲಿಂಗೈಕ್ಯರಾದರು. ಅವ್ವ ಅವರ ಪ್ರವಚನ ಎಲ್ಲಿ ನಡೆದರೂ ಕೇಳುತ್ತಿದ್ದವಳು. ಅವಳನ್ನು ವಿಜಯಪುರಕ್ಕೆ ಕರೆದುಕೊಂಡು ಹೋದವನು ತಮ್ಮನೇ. ಸೈನಿಕ ಶಾಲೆಯ ಮೈದಾನದಲ್ಲಿ ಆ ಜನಸಾಗರದ ನಡುವೆ ಇಬ್ಬರೂ ಸಾಲಿನಲ್ಲಿ ನಿಂತರು. ಅವ್ವನಿಗೆ ನಿಂತು ನಿಂತು ಕಾಲು ಸೋತಾಗ ಅವನು ಹೆಗಲು ಕೊಟ್ಟ. ದಾರಿಯಲ್ಲಿ ಮರಳಿ ಬರುವಾಗ ಅವ್ವ ಅವನಿಗೆ ಹೇಳಿದಳಂತೆ: "ನೀ ನನ್ನ ಹೊಟ್ಟ್ಯಾಗಿಂದ ಬಂದಾಂವ. ದೇವ್ರಿಗೆ ಗೊತ್ತಿಲ್ಲದ ಬಂದೀಯೇನು?"

ಅವ್ವ ಒಂದಕ್ಷರ ಓದಿದವಳಲ್ಲ. ಯಾವ ಹೋರಾಟದ ಭಾಷಣವನ್ನೂ ಕೇಳಿದವಳಲ್ಲ. ಅವಳು ಮಗನ ಹತ್ತಿರ ವಾಪಸ್ ಬಂದದ್ದು ತನ್ನ ದೇವರ ದಾರಿಯಲ್ಲೇ. ಅವಳನ್ನು ಮೊದಲು ದೂರ ಮಾಡಿದ್ದೂ ದೇವರ ಭಯವೇ, ನಿಜ. ಎರಡೂ ಒಂದೇ ಹೆಂಗಸಿನ ಒಳಗೆ ಇದ್ದವು. ನೀವು ಬರೆಯಬೇಕಾದದ್ದು ಈ ಎರಡೂ ಇರುವ ಅವ್ವನನ್ನು. ಬರೀ ಭಕ್ತಿಯಿಂದ ಕುರುಡಾದವಳು ಬೇಡ, ಒಂದೇ ರಾತ್ರಿಯಲ್ಲಿ ಎಲ್ಲಾ ತಿಳಿದುಕೊಂಡ ದೇವತೆಯೂ ಬೇಡ.

ಅಪ್ಪನ ಬಗ್ಗೆ ಹೇಳೋದು ಕಡಿಮೆ. ಅವನು ಇವತ್ತಿಗೂ ಆ ವಿಷಯ ಎತ್ತಿಲ್ಲ. ಬಾದಾಮಿ ಬನಶಂಕರಿ ಜಾತ್ರೆಗೆ ಮಾತ್ರ ಪ್ರತಿವರ್ಷ ಮಗನನ್ನೇ ಜೊತೆಗೆ ಕರೆಯುತ್ತಾನೆ. ಬನದ ಹುಣ್ಣಿಮೆಗೆ ಶುರುವಾಗುವ ಆ ಜಾತ್ರೆಯಲ್ಲಿ ಕಂಪನಿ ನಾಟಕಗಳ ಟೆಂಟು ಸಾಲಾಗಿ ಹಾಕಿರುತ್ತಾರೆ. ಇಬ್ಬರೂ ರಾತ್ರಿಯೆಲ್ಲಾ ನಾಟಕ ನೋಡಿ ಬರುತ್ತಾರೆ. ಇದನ್ನು ಯಾಕೆ ಹೇಳಿದೆ ಅಂದರೆ, "ನಿಮ್ಮ ಕಡೆ ಮಂದಿಗೆ ಇಂಥ ಕಥೆ ಅರ್ಥ ಆಗೋದಿಲ್ಲ" ಅಂತ ಒಬ್ಬರು ನನಗೆ ಹೇಳಿದ್ದರು. ನಮ್ಮ ಮಂದಿ ಆ ಟೆಂಟಿನಲ್ಲಿ ಕೂತು, ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾ, ಅನ್ಯಾಯ ಆದವರ ಪರ ನಿಂತವರು. ಅವರಿಗೆ ಕಥೆ ಹೇಗೆ ಕೇಳಬೇಕು ಅಂತ ಕಲಿಸಬೇಕಾಗಿಲ್ಲ. ಹೇಳುವವರು ಬೇಕು.

ಇನ್ನು ಸೋದರಿಕೆಯ ವಿಷಯ. ಕಥೆಯ ಜೀವ ಇರೋದೇ ಇಲ್ಲಿ ಅಂತ ನನಗನಿಸುತ್ತದೆ. ಪಟ್ಟಣದ ಕಥೆಗಳಲ್ಲಿ ಹುಡುಗ ಮದುವೆ ಒಲ್ಲೆ ಅಂದರೆ ಅಪ್ಪ-ಅಮ್ಮನಿಗೆ ಬೇಜಾರಾಗುತ್ತದೆ, ಅಷ್ಟಕ್ಕೆ ನಿಲ್ಲುತ್ತದೆ. ನಮ್ಮಲ್ಲಿ ಹಾಗಲ್ಲ. ಸೋದರಮಾವನ ಮಗಳು ಹುಟ್ಟಿದಾಗಲೇ ಮನೆಯಲ್ಲಿ ಮಾತಾಗಿರುತ್ತದೆ. ತಮ್ಮನಿಗೂ ಹಾಗೇ ಆಗಿತ್ತು. ಅವನು ಒಲ್ಲೆ ಅಂದಾಗ ಬೇಡ ಅಂದದ್ದು ಒಂದು ಹುಡುಗಿಯನ್ನು ಮಾತ್ರ ಅಲ್ಲ. ಅವ್ವನ ತವರಿನ ಬಾಗಿಲೇ ಮುಚ್ಚಿತು.

ನಾಗರ ಪಂಚಮಿಗೆ ಪ್ರತಿವರ್ಷ ಮಾವ ಬಂದು ಅವ್ವನನ್ನು ಕರೆದುಕೊಂಡು ಹೋಗುತ್ತಿದ್ದ. ತಲೆ ಹಣ್ಣಾದ ಮೇಲೂ ಅವ್ವ ಆ ಕರೆಗೆ ಕಾಯುತ್ತಿದ್ದಳು. ಆ ವರ್ಷ ಮಾವ ಬರಲಿಲ್ಲ. ಅವ್ವ ಯಾವಾಗಿನಂತೆ ಶೇಂಗಾ ಉಂಡಿ, ಎಳ್ಳುಂಡಿ, ರವೆ ಉಂಡಿ ಕಟ್ಟಿದ್ದಳು. ತವರಿಗೆ ಒಯ್ಯುವ ಸ್ಟೀಲಿನ ಡಬ್ಬಿ ತುಂಬಿಸಿ, ಮೇಲೆ ಬಟ್ಟೆ ಕಟ್ಟಿ, ಪಡಸಾಲೆಯ ಗೂಡಿನಲ್ಲಿ ಇಟ್ಟಿದ್ದಳು. ನಾನು ಪಂಚಮಿಗೆ ಅಂತ ತವರಿಗೆ ಬಂದವಳು, ತಮ್ಮನೇ ನನ್ನನ್ನು ಕರೆತಂದಿದ್ದ. ನನ್ನನ್ನು ಕರೆತಂದ ಅದೇ ಹುಡುಗನಿಂದ ನನ್ನವ್ವನನ್ನು ಕರೆಯುವವರು ಇಲ್ಲದ ಹಾಗಾಗಿತ್ತು. ಹಬ್ಬ ಮುಗಿದರೂ ಡಬ್ಬಿಯ ಬಟ್ಟೆ ಬಿಚ್ಚಲು ಅವ್ವ ಬಿಡಲಿಲ್ಲ. ತಮ್ಮ ಆ ಗೂಡಿನ ಕಡೆ ನೋಡುತ್ತಲೇ ಇರಲಿಲ್ಲ.

ಮರುವರ್ಷ ಪಂಚಮಿಗೆ ಅವನು ಅವ್ವನನ್ನು ಕೇಳದೇ ಬೈಕು ತೆಗೆದ. ಡಬ್ಬಿ ಮುಂದೆ ಇಟ್ಟುಕೊಂಡು, ಅವಳನ್ನು ಹಿಂದೆ ಕೂರಿಸಿಕೊಂಡು ಮಾವನ ಊರಿಗೆ ಹೋದ. ಮಾವ ಕಟ್ಟೆ ಮೇಲೆ ಕೂತಿದ್ದವನು ಅಕ್ಕನನ್ನು ಒಳಗೆ ಕರೆದ. ಇವನ ಕಡೆ ಮಾರಿ ತಿರುಗಿಸಲಿಲ್ಲ. ತಮ್ಮ ಅಂಗಳದಲ್ಲೇ ಬೈಕಿನ ಹತ್ತಿರ ನಿಂತ. ಮಾವನ ಮಗಳಿಗೆ ಅಷ್ಟರಲ್ಲಿ ಬೇರೆ ಕಡೆ ಲಗ್ನ ಆಗಿತ್ತು, ಅವಳೂ ಹಬ್ಬಕ್ಕೆ ತವರಿಗೆ ಬಂದಿದ್ದಳು. ಅವಳೇ ಹೊರಗೆ ಬಂದು ತಂಬಿಗೆ ನೀರು ಕೊಟ್ಟು, "ಬಿಸಲಾಗ ಯಾಕ ನಿಂತೀರಿ, ಒಳಗ ಬರ್ರಿ, ಚಾ ಆಗೇತಿ" ಅಂದಳು. ಅವರಪ್ಪ ಏನೂ ಅನ್ನಲಿಲ್ಲ. ತಮ್ಮ ಕಾಲಿಗೆ ನೀರು ಹಾಕಿಕೊಂಡು ಒಳಗೆ ಹೋದ.

ಆ ಹುಡುಗಿಗೆ ವಿಷಯ ಮೊದಲೇ ಗೊತ್ತಿತ್ತು. ದೊಡ್ಡವರಿಗೆ ಒಲ್ಲೆ ಅನ್ನುವ ಮುಂಚೆ ತಮ್ಮ ಅವಳಿಗೇ ಹೇಳಿದ್ದ. "ನಿನ್ನ ಜೋಡಿ ಲಗ್ನ ಆಗಿ ನಿನ್ನ ಬಾಳೆ ಹಾಳ ಮಾಡೂದಿಲ್ಲ" ಅಂತ. ಅವಳು ಅದನ್ನು ಯಾರ ಮುಂದೂ ಆಡದೆ, ಊರ ಮಂದಿಯ ಮಾತು ತಾನೂ ಕೇಳಿಸಿಕೊಂಡಳು. ನನ್ನ ಕೇಳಿದರೆ ಈ ಕಥೆಯಲ್ಲಿ ಎಲ್ಲರಿಗಿಂತ ದೊಡ್ಡವಳು ಅವಳು. ತಮ್ಮನಂಥವರು ಬಾಯಿ ಮುಚ್ಚಿಕೊಂಡು ತಾಳಿ ಕಟ್ಟಿದ ಮನೆಗಳಲ್ಲಿ ಅಂಥ ಹುಡುಗಿಯರ ಬದುಕು ಏನಾಗುತ್ತದೆ ಅಂತ ಗ್ರಂಥಾಲಯದ ಮೇಜಿನ ಈಚೆ ಕೂತು ನಾನು ಕೇಳಿದ್ದೇನೆ. ಹಗಲು ಹೊತ್ತು ಹೆಣ್ಣುಮಕ್ಕಳು ಪುಸ್ತಕಕ್ಕೆ ಅಂತ ಬಂದು ಬಹಳ ಹೊತ್ತು ಸುಮ್ನೆ ಕೂರುತ್ತಾರೆ. ಅವರ ಪಾತ್ರವನ್ನೂ ಬರೆಯಿರಿ. ಅವಳಿಗೊಂದು ಹೆಸರು ಕೊಡಿ, ಒಂದು ಸಿಟ್ಟು ಕೊಡಿ.

ನಮ್ಮ ಸೀಮೆಯ ಇನ್ನೊಂದು ಮಾತನ್ನು ಹೇಳಲೇಬೇಕು. ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಭರತ ಹುಣ್ಣಿಮೆಗೆ ಹೋದವರಿಗೆ ಜೋಗಪ್ಪಂದಿರು ಗೊತ್ತು, ಗಂಡಾಗಿ ಹುಟ್ಟಿ ಎಲ್ಲಮ್ಮನ ಸೇವೆಗೆ ನಿಂತವರು. ಸೀರೆ ಉಟ್ಟು, ತಲೆ ಮೇಲೆ ಅಮ್ಮನ ಕೊಡ ಹೊತ್ತು ಬಂದರೆ ಮಂದಿ ಕಾಲಿಗೆ ಬೀಳುತ್ತಾರೆ. ಮಂಜಮ್ಮ ಜೋಗತಿಯವರು ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ತೆಗೆದುಕೊಂಡರು. ನನಗೆ ಅವರೆಂದರೆ ಹೆಮ್ಮೆ. ಆದರೆ ನಮ್ಮ ಕಡೆ ಮಂದಿಗೆ ಗೊತ್ತಿರೋದು ಅದೊಂದೇ ಸ್ಥಾನ. ತಮ್ಮನ ವಿಷಯ ಗೊತ್ತಾದಾಗ ನಮ್ಮ ದೊಡ್ಡವ್ವ ಮೊದಲು ಕೇಳಿದ್ದೇ, "ಎಲ್ಲವ್ವ ಮೈಮ್ಯಾಲ ಬಂದಾಳೇನು?" ಅಂತ. ಅವನಿಗೆ ಸೀರೆ ಉಡುವ ಆಸೆ ಇಲ್ಲ. ಮೀಸೆ ತಿರುವುತ್ತಾನೆ, ಮಗ್ಗಕ್ಕೆ ಹಾಕುವ ನೂಲು ಸುತ್ತಿದ ಭಾರದ ಭೀಮು ಒಬ್ಬನೇ ಎತ್ತುತ್ತಾನೆ, ಗಂಡಸು ಅಂತಲೇ ತನ್ನನ್ನು ತಿಳಿದಿದ್ದಾನೆ. ಅವನ ಮನಸ್ಸು ಗಂಡಸಿನ ಮೇಲೆ, ಅಷ್ಟೇ. ಜೋಗಪ್ಪನ ಬದುಕೇ ಬೇರೆ, ಇವನದೇ ಬೇರೆ. ಇಬ್ಬರಿಗೂ ಮರ್ಯಾದೆ ಸಲ್ಲಬೇಕು. ಈ ವ್ಯತ್ಯಾಸವನ್ನು ದೊಡ್ಡವ್ವನಿಗೆ ಕೂರಿಸಿ ಹೇಳಿದರೆ ತಲೆಗೆ ಹೋಗೋದಿಲ್ಲ. ಒಂದು ಪಾತ್ರ ಕಣ್ಣ ಮುಂದೆ ಓಡಾಡಿದರೆ ಹೋಗುತ್ತದೆ.

ನಾನು ಹೇಳಿದ್ದು ಲಿಂಗ ಕಟ್ಟಿದ ಮನೆಯ ಮಾತು. ವಿಜಯಪುರದ ಗಲ್ಲಿಯಲ್ಲಿ ಶುಕ್ರವಾರದ ನಮಾಜಿಗೆ ತಪ್ಪದೆ ಹೋಗುವ ಹುಡುಗನೂ ಇರುತ್ತಾನೆ. ಮೊಹರಂನಲ್ಲಿ ಎಲ್ಲಾ ಜಾತಿಯವರ ಜೊತೆ ನಿಂತು ರಿವಾಯತ್ ಪದ ಹಾಡುವವನೂ ಇರುತ್ತಾನೆ. ಬೆಳಗಾವಿಯಲ್ಲಿ ಭಾನುವಾರ ಚರ್ಚಿಗೆ ಹೋಗುವವನು, ಬಸದಿಗೆ ಹೋಗುವವನು ಇರುತ್ತಾನೆ. ಅವರವರ ಮನೆಯ ಭಯ, ಪ್ರೀತಿ ಅವರವರಿಗೇ ಗೊತ್ತು. ಆ ಮನೆಗಳಿಂದ ಬಂದ ಬರಹಗಾರರೇ ಅದನ್ನು ಬರೆದರೆ ಚೆಂದ.

ಒಂದು ಕೋರಿಕೆ ಇದೆ, ತಪ್ಪು ತಿಳಿಯಬೇಡಿ. ಕಥೆಯ ಕೊನೆಗೆ 'ಇವ ನಮ್ಮವ' ವಚನ ಇಟ್ಟು ಮುಗಿಸಬೇಡಿ. ನಾವು ಬಸವಣ್ಣ ಐಕ್ಯನಾದ ಕೂಡಲಸಂಗಮದ ಜಿಲ್ಲೆಯವರು, ಪಕ್ಕದ ಜಿಲ್ಲೆಯಲ್ಲೇ ಅವನು ಹುಟ್ಟಿದ ಬಾಗೇವಾಡಿ ಇದೆ. 2024ರ ಜನವರಿಯಲ್ಲಿ ಸರ್ಕಾರ ಅವನನ್ನು ಸಾಂಸ್ಕೃತಿಕ ನಾಯಕ ಎಂದು ಘೋಷಿಸಿದಾಗ ನಮ್ಮ ಅರಿವು ಕೇಂದ್ರದಲ್ಲೂ ಫೋಟೋ ಹಾಕಿದೆವು. ಆ ವಚನ ನಮ್ಮ ಮಕ್ಕಳಿಗೆ ಬಾಯಿಪಾಠ. ನಾನು ಅದನ್ನು ನಂಬಿದವಳು. ನಂಬಿದ್ದಕ್ಕೇ ಹೇಳುತ್ತಿದ್ದೇನೆ, ಆ ವಚನವನ್ನು ಕಥೆಯ ಮೊದಲಲ್ಲಿ ಇಡಿ. ಬೀಗರು ಪಡಸಾಲೆಯಲ್ಲಿ ಕೂತಾಗ, ಕನ್ಯಾ ನೋಡಿ ಬಂದವರು ಉತ್ತರ ಕೇಳುವಾಗ, ಗೆಳೆಯನನ್ನು ಯಾರು ಅಂತ ಪರಿಚಯ ಮಾಡಿಕೊಡಬೇಕು ಅನ್ನುವಾಗ, ಆ ವಚನವನ್ನು ಬಾಯಿಪಾಠ ಮಾಡಿದ ಮನೆಯವರು ಏನು ಮಾಡುತ್ತಾರೆ ಅಂತ ಆಮೇಲೆ ಬರೆಯಿರಿ.

ಮಾತು ನಮ್ಮ ಕಡೆಯದೇ ಇರಲಿ. ಇಂಥ ವಿಷಯ ಬಂದ ಕೂಡಲೇ ಕಥೆಯ ಪಾತ್ರಗಳು ಪುಸ್ತಕದ ಭಾಷೆ ಆಡಲು ಶುರು ಮಾಡುತ್ತವೆ. ಅವ್ವ ಮಗನಿಗೆ ಭಾಷಣ ಮಾಡುತ್ತಾಳೆ. ನಮ್ಮ ಅವ್ವಂದಿರು ಭಾಷಣ ಮಾಡೋದಿಲ್ಲ. ಸಿಟ್ಟು ಬಂದರೆ ತಾಟು ಜೋರಾಗಿ ಇಡುತ್ತಾರೆ, ಸಿಟ್ಟು ಇಳಿದರೆ ರೊಟ್ಟಿ ಮೇಲೆ ಬೆಣ್ಣೆ ಜಾಸ್ತಿ ಹಾಕುತ್ತಾರೆ. ಇದನ್ನೆಲ್ಲ ನೋಡದೆ ಬರೆಯಲು ಆಗೋದಿಲ್ಲ. ಬನ್ನಿ, ನಮ್ಮ ಮನೆಗಳಲ್ಲಿ ನಾಲ್ಕು ದಿನ ಇದ್ದು ಹೋಗಿ.

ಪ್ರಕಾಶಕರಿಗೂ, ಗ್ರಂಥಾಲಯಗಳಿಗೆ ಪುಸ್ತಕ ಆರಿಸುವ ಸಮಿತಿಯವರಿಗೂ ಒಂದು ಮಾತು. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂದಾಗಿನಿಂದ ಜನ ಮನೆ ಕರದ ಜೊತೆ ಗ್ರಂಥಾಲಯ ಕರವನ್ನೂ ಕಟ್ಟುತ್ತಿದ್ದಾರೆ. ತಮ್ಮನೂ ಕಟ್ಟುತ್ತಾನೆ, ಆ ಸಂಜೆ ಹುಡುಗನ ಅಪ್ಪನೂ ಕಟ್ಟುತ್ತಾನೆ. ಅವರ ಬದುಕಿನ ಪುಸ್ತಕ ಅವರ ಊರ ಕಪಾಟಿನಲ್ಲಿ ಇರಬೇಕು ಅನ್ನೋದು ದಾನ ಕೇಳಿದ ಹಾಗಲ್ಲ. "ಹಳ್ಳಿಗೆ ಇದು ಸೂಕ್ತ ಅಲ್ಲ" ಅಂತ ಪಟ್ಟಿಯಿಂದ ತೆಗೆಯಬೇಡಿ. ಮುಖಪುಟವೂ ಸಾದಾ ಇರಲಿ. ಮುಖಪುಟ ನೋಡಿಯೇ ಎಲ್ಲಾ ಗೊತ್ತಾಗುವ ಪುಸ್ತಕವನ್ನು ನಮ್ಮ ಹುಡುಗರು ಎಲ್ಲರ ಎದುರು ಕೈಯಲ್ಲಿ ಹಿಡಿಯೋಕೆ ಆಗೋದಿಲ್ಲ.

ತಮ್ಮನ ಪ್ರಶ್ನೆಗೆ ನಮ್ಮ ಮನೆಯಲ್ಲಿ ಇನ್ನೂ ಉತ್ತರ ಸಿಕ್ಕಿಲ್ಲ. ಗೆಳೆಯ ಖಣದ ಗಂಟು ತಂದಾಗ ಅವ್ವ ಅವನಿಗೆ ಚಹಾ ಕೊಡುತ್ತಾಳೆ. ಊಟಕ್ಕೆ ಏಳು ಅಂತ ಇನ್ನೂ ಅಂದಿಲ್ಲ. ಅವಳು ಯಾವಾಗ ಅನ್ನುತ್ತಾಳೋ, ಅನ್ನುತ್ತಾಳೋ ಇಲ್ಲವೋ, ನನಗೂ ಗೊತ್ತಿಲ್ಲ. ನಿಮ್ಮ ಕಥೆ ನಮಗಿಂತ ಒಂದು ಹೆಜ್ಜೆ ಮುಂದೆ ಹೋಗಿ ನೋಡಿದರೂ ಸರಿ, ಅಲ್ಲೇ ನಿಂತರೂ ಸರಿ.

ಬರೆದರೆ ಬಾಗಲಕೋಟೆ ಜಿಲ್ಲೆಯ ಅರಿವು ಕೇಂದ್ರಗಳಿಗೆ ಕಳಿಸಿ, ಯಾವುದಾದರೂ ದಾರಿಯಲ್ಲಿ ನನ್ನ ಕೈ ಸೇರುತ್ತದೆ. ಅವ್ವ ಶ್ರಾವಣದಲ್ಲಿ ಮಠಕ್ಕೆ ಹೋಗಿ ಪುರಾಣ ಕೇಳುವವಳು, ಕಥೆ ಕೇಳೋದು ಅವಳಿಗೆ ರೂಢಿ. ನಾನೇ ಓದಿ ಹೇಳುತ್ತೇನೆ. ಎಲ್ಲಾದರೂ ಸರಿ ಕಾಣದಿದ್ದರೆ "ಹಿಂಗ ಆಗಿದ್ದಿಲ್ಲ" ಅಂತ ನಡುವೆಯೇ ತಡೆದು ಹೇಳುತ್ತಾಳೆ. ಅವಳು ಹೇಳಿದ್ದನ್ನೆಲ್ಲ ನಿಮಗೆ ಬರೆದು ಕಳಿಸುತ್ತೇನೆ.

ಇಂತಿ,
ಒಬ್ಬ ಅಕ್ಕ
ಬಾಗಲಕೋಟೆ ಜಿಲ್ಲೆ